ನಾಳೆ ತೆರೆ ಹೇಗುಂಟು? ಕಾಸರಗೋಡಿನ ಕಡಲಿಗೆ ಬೋರ್ಡ್ ಹಿಡಿದು ಇಳಿಯುವವರಿಗೆ

ಶನಿವಾರ ಸಂಜೆಯಾದರೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ: "ಅಣ್ಣ, ನಾಳೆ ತೆರೆ ಹೇಗುಂಟು?" ಕೇಳುವವರು ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹುಡುಗ ಹುಡುಗಿಯರು. ಮೂಲ್ಕಿಗೋ ಸಸಿಹಿತ್ಲಿಗೋ ಹೋಗಿ ನಾಲ್ಕು ದಿನ ಸರ್ಫಿಂಗ್ ಕಲಿತು ಬಂದವರು. ಅಲ್ಲಿ ಕಲಿಸುವವರೇ ಬೆಳಿಗ್ಗೆ ಕಡಲು ನೋಡಿ ಇಳಿಯಿರಿ, ಬೇಡ ಎಂದು ಹೇಳುತ್ತಾರೆ. ನಮ್ಮ ಕಣ್ವತೀರ್ಥದಲ್ಲೋ ಕಪ್ಪಿಲ್‌ನಲ್ಲೋ ಬೋರ್ಡ್ ಹಿಡಿದು ನಿಂತಾಗ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಕಡಲಿನ ಸದ್ದು ಕೇಳುತ್ತಲೇ ಬೆಳೆದ ನಮಗೆ ಕಡಲಿನ ಲೆಕ್ಕ ಗೊತ್ತಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದ ಹಾಗೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಓದಿದ ಮೇಲೆ ನೀವೇ ನೋಡಿ ನೀವೇ ತೀರ್ಮಾನಿಸುವಂತಾಗಬೇಕು.

ಈಜು ಸರಿಯಾಗಿ ಬಾರದವರು ಇಲ್ಲಿಗೇ ನಿಲ್ಲಿಸಿ, ಮೊದಲು ಈಜು ಕಲಿಯಿರಿ. ಬೋರ್ಡನ್ನು ದೋಣಿ ಎಂದು ನಂಬಬಾರದು. ಕಾಲಿಗೆ ಕಟ್ಟಿದ ಹಗ್ಗ ತುಂಡಾದ ಕ್ಷಣಕ್ಕೆ ಅದು ನಿಮ್ಮದಲ್ಲ.

ಮೊದಲು ನಮ್ಮ ದಡ ಯಾವ ಕಡೆಗೆ ನೋಡುತ್ತದೆ ಎಂದು ತಿಳಿಯಿರಿ

ಕಾಸರಗೋಡಿನ ದಡ ನೇರ ಪಶ್ಚಿಮಕ್ಕಿಲ್ಲ, ಸ್ವಲ್ಪ ತೆಂಕಿಗೆ ವಾಲಿಕೊಂಡಿದೆ. ದಿಕ್ಸೂಚಿಯಲ್ಲಿ ಹೇಳುವುದಾದರೆ ಸುಮಾರು 245ರಿಂದ 250 ಡಿಗ್ರಿ. ದೊಡ್ಡ ತೆರೆಗಳು ದಕ್ಷಿಣ ಹಿಂದೂ ಮಹಾಸಾಗರದಿಂದ ಬರುತ್ತವೆ. ಮುನ್ಸೂಚನೆಯಲ್ಲಿ ಅವುಗಳ ದಿಕ್ಕು 200, 210 ಎಂದು ಕಾಣುತ್ತದೆ. ಈ ಸಂಖ್ಯೆ ತೆರೆ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳುತ್ತದೆ. ಬಾಣದ ಗುರುತು ಮಾತ್ರ ಸಾಮಾನ್ಯವಾಗಿ ಹೋಗುವ ಕಡೆಗೆ ಇರುತ್ತದೆ, ಹೊಸಬರು ಇಲ್ಲಿ ಗಲಿಬಿಲಿಯಾಗುತ್ತಾರೆ. ಕಡಲಿಗೆ ಮುಖ ಮಾಡಿ ನಿಂತರೆ ಈ ತೆರೆಗಳು ಎಡಗಡೆಯಿಂದ ಓರೆಯಾಗಿ ಬರುತ್ತವೆ, ನಿಮ್ಮನ್ನು ಬಡಗಿಗೆ, ಅಂದರೆ ಮಂಗಳೂರಿನ ಕಡೆಗೆ ಎಳೆಯುತ್ತವೆ. ಬೇಸಿಗೆಯ ಮಧ್ಯಾಹ್ನದ ವಾಯವ್ಯ ಗಾಳಿಯ ಸಣ್ಣ ತೆರೆ ಇದಕ್ಕೆ ವಿರುದ್ಧ, ಅದು ತೆಂಕಿಗೆ ತಳ್ಳುತ್ತದೆ. ಇದು ಗೊತ್ತಿದ್ದರೆ ಇಳಿಯುವ ಮುಂಚೆಯೇ ಎಲ್ಲಿ ಹತ್ತುತ್ತೀರಿ ಎಂದು ಹೇಳಬಹುದು.

ಬೇಕಲದಲ್ಲಿ ಕೋಟೆಯ ಬಂಡೆ ಕಡಲಿಗೆ ಚಾಚಿಕೊಂಡಿರುವುದರಿಂದ ತೆಂಕು ಬದಿಗೆ ತೆರೆ ನೇರ ಬಡಿಯುತ್ತದೆ, ಬಡಗು ಬದಿಯಲ್ಲಿ ಬಂಡೆಗೆ ತಾಗಿದಷ್ಟು ಜಾಗಕ್ಕೆ ಸ್ವಲ್ಪ ಮರೆ ಸಿಗುತ್ತದೆ. ಬಂಡೆಯ ಹತ್ತಿರ ಹೋಗಬೇಡಿ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಉಪ್ಪಳದ ಮೂಸೋಡಿಯಂಥ ಕಡಲ್ಕೊರೆತದ ಜಾಗಗಳನ್ನೂ ಬಿಟ್ಟುಬಿಡಿ. ತಡೆಗೋಡೆಯ ಕಲ್ಲಿಗೆ ತೆರೆ ಬಡಿದು ಹಿಂದಕ್ಕೆ ಚಿಮ್ಮುವ ಕಡೆ ಹತ್ತಿ ಬರಲು ಜಾಗವೇ ಇರುವುದಿಲ್ಲ.

ನಾಲ್ಕೈದು ದಿನ ಮುಂಚೆ: ಎತ್ತರಕ್ಕಿಂತ ಅವಧಿ ನೋಡಿ

ಎಲ್ಲರೂ ಮೊದಲು ನೋಡುವುದು ತೆರೆಯ ಎತ್ತರ. ನಾನು ಮೊದಲು ನೋಡುವುದು ಅವಧಿ. ಒಂದು ತೆರೆಯ ನೆತ್ತಿ ದಾಟಿ ಇನ್ನೊಂದರ ನೆತ್ತಿ ಬರಲು ಹಿಡಿಯುವ ಸೆಕೆಂಡು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹತ್ತಿರದ ಗಾಳಿಗೆ ಎದ್ದ ತೆರೆಯ ಅವಧಿ 5ರಿಂದ 8 ಸೆಕೆಂಡು. ದೂರದ ಚಂಡಮಾರುತದಿಂದ ಹೊರಟು ಬಂದದ್ದಕ್ಕೆ 14, 16, ಕೆಲವೊಮ್ಮೆ 20. ಅವಧಿ ಹೆಚ್ಚಿದಷ್ಟೂ ತೆರೆ ನೀರಿನ ಆಳಕ್ಕೆ ಇಳಿದಿರುತ್ತದೆ. 7 ಸೆಕೆಂಡಿನ ತೆರೆಗೆ ಕಡಲಿನ ತಳ ತಾಗುವುದು ಸುಮಾರು 38 ಮೀಟರ್ ಆಳದಲ್ಲಿ. 18 ಸೆಕೆಂಡಿನದ್ದಕ್ಕೆ 250 ಮೀಟರ್ ಆಳದಲ್ಲೇ ತಾಗತೊಡಗುತ್ತದೆ. ಅಷ್ಟು ನೀರನ್ನು ಹೊತ್ತುಕೊಂಡು ಬಂದದ್ದು ದಡದ ಹತ್ತಿರ ಆಳ ಕಡಿಮೆಯಾದಾಗ ಮೇಲಕ್ಕೇಳಲೇಬೇಕು. ಹಾಗಾಗಿ ಪರದೆಯ ಮೇಲೆ ಎರಡೂ "1 ಮೀಟರ್" ಎಂದೇ ಇದ್ದರೂ 7 ಸೆಕೆಂಡಿನದ್ದು ದಡದಲ್ಲಿ ಸೊಂಟದಷ್ಟಕ್ಕೆ ಒಡೆದರೆ, 18 ಸೆಕೆಂಡಿನದ್ದು ತಲೆಯ ಮೇಲಿಂದ ಬೀಳಬಹುದು.

ಪರದೆಯಲ್ಲಿ ಕಾಣುವ ಎತ್ತರ ಆಳ ಕಡಲಿನದ್ದು, ದಡದ್ದಲ್ಲ. ಅದೂ ಸರಾಸರಿ. ಬಂದ ತೆರೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿಯನ್ನು ಎತ್ತರ ಎಂದು ಬರೆಯುತ್ತಾರೆ. ನಡುವೆ ಒಂದು ಅದರ ಇಮ್ಮಡಿಯ ಹತ್ತಿರಕ್ಕೂ ಬರುವುದುಂಟು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಂದು ಏಪ್ರಿಲ್ ಬೆಳಿಗ್ಗೆ ಕಣ್ವತೀರ್ಥಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ನೋಡಿದ್ದು ಎತ್ತರ 0.9 ಮೀಟರ್, ಅಷ್ಟೇ. ಪಕ್ಕದಲ್ಲೇ 17 ಸೆಕೆಂಡು ಎಂದು ಇತ್ತು, ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಕಡಲು ದೇವಸ್ಥಾನದ ಕೆರೆಯ ಹಾಗೆ ನಿಂತಿತ್ತು. ದಡದಲ್ಲಿ ಎಳೆದು ಹಾಕಿದ ದೋಣಿಯ ನೆರಳಲ್ಲಿ ಹಿರಿಯರೊಬ್ಬರು ಬಲೆ ಸರಿಮಾಡುತ್ತಾ ಕೂತಿದ್ದರು. ನಾನು ಬೋರ್ಡಿಗೆ ಮೇಣ ತಿಕ್ಕಿ, ಹಗ್ಗ ಕಟ್ಟಿ, ಎರಡು ನಿಮಿಷದಲ್ಲಿ ನೀರಿಗಿಳಿದೆ. ಎಂಟು ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ದೂರದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಎದ್ದಿತು, ಅದರ ಹಿಂದೆ ಇನ್ನೊಂದು. ಮೊದಲನೆಯದೇ ನಾನಿದ್ದ ಜಾಗಕ್ಕಿಂತ ಎಷ್ಟೋ ಆಚೆ ಒಡೆಯಿತು. ಎರಡನೆಯದಕ್ಕೆ ಹಗ್ಗ ತುಂಡಾಗಿ ಬೋರ್ಡ್ ದಡಕ್ಕೆ ಹೋಯಿತು. ಐದು ತೆರೆ ತಲೆಯ ಮೇಲೆ ಹಾದುಹೋದ ಮೇಲೆ, ಹೊಯ್ಗೆ ತುಂಬಿದ ಬಾಯಿಯಲ್ಲಿ ನಾನು ದಡ ಹತ್ತಿದಾಗ ಆ ಹಿರಿಯರು ಬೋರ್ಡನ್ನು ದೋಣಿಗೆ ಒರಗಿಸಿ ಇಟ್ಟಿದ್ದರು. "ಬಂದ ಕೂಡ್ಲೆ ಇಳಿಯುದಲ್ಲ ಮಾರಾಯ. ಇದು ದೂರದ ತೆರೆ. ಒಂದೊಂದೇ ಬರುದಿಲ್ಲ, ಬಂದ್ರೆ ಒಟ್ಟಿಗೇ ಬರುದು" ಎಂದರು. ಪರದೆಯ ಆ 17 ಎಂಬ ಸಂಖ್ಯೆಗೆ ಅವರಲ್ಲಿ ಇದ್ದ ಹೆಸರು ಅದು: ದೂರದ ತೆರೆ.

ನಾಲ್ಕೈದು ದಿನ ಮುಂಚೆಯೇ ನೋಡಿ ಎನ್ನಲು ಕಾರಣವುಂಟು. ತೆರೆಗಳ ಗುಂಪು ಆಳ ಕಡಲಿನಲ್ಲಿ ಎಷ್ಟು ವೇಗದಲ್ಲಿ ಚಲಿಸುತ್ತದೆ ಎಂಬುದನ್ನು ಅವಧಿಯಿಂದಲೇ ಲೆಕ್ಕ ಹಾಕಬಹುದು. ಅವಧಿಯನ್ನು 2.8ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 15 ಸೆಕೆಂಡಿನದ್ದು ಗಂಟೆಗೆ 42 ಕಿಲೋಮೀಟರ್, ಅಂದರೆ ದಿನಕ್ಕೆ ಸಾವಿರ. 20 ಸೆಕೆಂಡಿನದ್ದು ಅದಕ್ಕಿಂತ ವೇಗ, ಆದ್ದರಿಂದ ಮೊದಲು ತಲುಪುವುದೂ ಅದೇ. ದಕ್ಷಿಣಕ್ಕೆ ಆರೇಳು ಸಾವಿರ ಕಿಲೋಮೀಟರ್ ಆಚೆ ದೊಡ್ಡ ಬಿರುಗಾಳಿ ಎದ್ದರೆ ಅದರ ತೆರೆ ನಮ್ಮ ದಡಕ್ಕೆ ಬರಲು ಐದರಿಂದ ಏಳು ದಿನ ಬೇಕು. ನಕ್ಷೆಯಲ್ಲಿ ಅದು ಹೊರಟದ್ದನ್ನು ಸೋಮವಾರವೇ ನೋಡಬಹುದು.

ಇದಕ್ಕೆ ಎರಡು ಕಡೆ ಸಾಕು. ಒಂದು, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಸ್ಥಿತಿಯ ಮುನ್ಸೂಚನೆ. ಮೀನುಗಾರರಿಗಾಗಿ ಮಾಡಿದ್ದು, ಆದರೆ ನಮಗೂ ಅದೇ ಕಡಲು. ಇನ್ನೊಂದು, ವಿಂಡಿಯಂಥ ಆಪ್. ಅದರಲ್ಲಿ "ವೇವ್ಸ್" ಎಂಬ ಒಟ್ಟು ಲೆಕ್ಕಕ್ಕೆ ನಿಲ್ಲದೆ "ಸ್ವೆಲ್" ಎಂಬುದನ್ನು ಬೇರೆಯಾಗಿ ಒತ್ತಿ ನೋಡಿ. ಒಟ್ಟು ಲೆಕ್ಕದಲ್ಲಿ ಗಾಳಿಯ ಸಣ್ಣ ತೆರೆ, ದೂರದ ತೆರೆ ಎರಡೂ ಬೆರೆತು, ಮುಖ್ಯವಾದದ್ದು ಅಡಗಿಹೋಗುತ್ತದೆ.

ಹೊಸಬರಿಗೆ ನನ್ನ ಅಳತೆ ಇಷ್ಟು: ಎತ್ತರ 1 ಮೀಟರಿನ ಒಳಗೆ, ಅವಧಿ 8ರಿಂದ 12 ಸೆಕೆಂಡು ಇದ್ದರೆ ಕಲಿಯಲು ಒಳ್ಳೆಯ ದಿನ. 14 ದಾಟಿದರೆ ಎತ್ತರ ಎಷ್ಟೇ ಸಣ್ಣದಿರಲಿ, ಅನುಭವಿಗಳ ಜೊತೆಗಲ್ಲದೆ ಬೇಡ. 16ರ ಮೇಲೆ ಹೊಸಬರು ದಡದಲ್ಲೇ ಕೂತು ನೋಡಬೇಕು. ನೋಡುವುದೂ ಕಲಿಕೆಯೇ.

ಹಿಂದಿನ ರಾತ್ರಿ: ಗಾಳಿ, ಗುಡುಗು, ತಿಥಿ

ಗಾಳಿಯ ಮಾತು ಸುಲಭ. ರಾತ್ರಿ ನೆಲ ತಣ್ಣಗಾಗುವುದರಿಂದ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಆ ಗಾಳಿ ತೆರೆಯ ಮುಖವನ್ನು ಇಸ್ತ್ರಿ ಹಾಕಿದ ಹಾಗೆ ನುಣ್ಣಗೆ ಮಾಡಿ, ಒಡೆಯುವುದನ್ನು ಒಂದು ಕ್ಷಣ ತಡೆದು ಹಿಡಿಯುತ್ತದೆ. ಬಿಸಿಲೇರಿದ ಮೇಲೆ ತಿರುಗುತ್ತದೆ. ಫೆಬ್ರವರಿಯಿಂದ ಮೇವರೆಗೆ ಹತ್ತು ಹನ್ನೊಂದು ಗಂಟೆಗೆ ಕಡಲ ಗಾಳಿ ಶುರುವಾದರೆ ಸಂಜೆಯವರೆಗೂ ನೀರು ಕದಡಿದ ಹಾಗೆಯೇ. ಆರರಿಂದ ಒಂಬತ್ತರ ಒಳಗೆ ಮುಗಿಸಿ. ಮುನ್ಸೂಚನೆಯಲ್ಲಿ ಗಾಳಿಯ ವೇಗ ನಾಟಿನಲ್ಲಿದ್ದರೆ 1 ನಾಟು ಎಂದರೆ ಗಂಟೆಗೆ 1.85 ಕಿಲೋಮೀಟರ್ ಎಂದು ಲೆಕ್ಕ ಹಾಕಿಕೊಳ್ಳಿ. ಕಡಲ ಕಡೆಯಿಂದ 10 ನಾಟಿಗಿಂತ ಹೆಚ್ಚಿದ್ದರೆ ಬೋರ್ಡ್ ತೆಗೆಯುವ ಕಷ್ಟವೇ ಬೇಡ.

ಗುಡುಗಿನ ವಿಷಯದಲ್ಲಿ ನಮಗೆ ಒಂದು ತೊಂದರೆಯುಂಟು. ನಾವು ಪಶ್ಚಿಮಕ್ಕೆ ಮುಖ ಮಾಡಿ ತೆರೆ ಕಾಯುತ್ತಿರುತ್ತೇವೆ. ಏಪ್ರಿಲ್-ಮೇಯಲ್ಲೂ ಅಕ್ಟೋಬರ್-ನವೆಂಬರಿನಲ್ಲೂ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಬೆನ್ನ ಹಿಂದೆ, ಘಟ್ಟದ ಮೇಲೆ. ಹತ್ತು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಿಂಚು ಕಂಡು ಗುಡುಗು ಕೇಳುವುದರ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೆ ಬಂದಿದೆ ಎಂದರ್ಥ. ಕೂಡಲೇ ನೀರು ಬಿಡಿ. ತೆಂಗಿನ ಬುಡಕ್ಕೆ ಹೋಗಬೇಡಿ, ಮನೆಗೋ ಕಾರಿಗೋ ಸೇರಿಕೊಳ್ಳಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಉಬ್ಬರ ಇಳಿತಕ್ಕೆ ಮಂಗಳೂರು ಬಂದರಿನ ವೇಳಾಪಟ್ಟಿ ನೋಡಿದರೆ ನಮಗೆ ಸಾಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮರುದಿನ ಅದೇ ಹೊತ್ತು ಸುಮಾರು 50 ನಿಮಿಷ ತಡ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯೂ ಇರುತ್ತದಲ್ಲ, ಅದನ್ನು ಉಪಯೋಗಿಸಿ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ನಮ್ಮ ಕಡೆ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ತುಂಬು ಉಬ್ಬರದಲ್ಲಿ ತೆರೆ ಕಡಿದಾದ ದಡದ ಮೇಲೇ ಬಂದು ಬೀಳುತ್ತದೆ, ಕುತ್ತಿಗೆಗೂ ಭುಜಕ್ಕೂ ಪೆಟ್ಟಾಗುವುದು ಆಗಲೇ. ಇಳಿತ ಮುಗಿದು ನೀರು ಏರತೊಡಗುವ ಮೊದಲ ಎರಡು ಗಂಟೆ ನನಗೆ ಇಷ್ಟ. ಆಗ ತೆರೆ ಹೊಯ್ಗೆ ದಿಬ್ಬದ ಮೇಲೆ ಒಡೆಯುತ್ತದೆ, ಬಿದ್ದರೂ ನಿಮ್ಮನ್ನು ಒಳಕ್ಕೆ ತಳ್ಳುತ್ತದೆ.

ಎಚ್ಚರಿಕೆಯ ಭಾಷೆ

ಗಡಿನಾಡಿನಲ್ಲಿ ನಮಗೆ ಎಚ್ಚರಿಕೆಗಳು ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ವಾಟ್ಸಾಪಿನಲ್ಲಿ ಬಂದದ್ದನ್ನು ಓದಲಾಗದೆ ಮುಂದಕ್ಕೆ ಕಳಿಸಿ ಸುಮ್ಮನಾಗುತ್ತಾರೆ. ಕಿವಿಗೆ ಬಿದ್ದರೆ ಗುರುತಿಸಬೇಕಾದ ಕೆಲವು ಮಾತು: "ಉಯರ್ನ್ನ ತಿರಮಾಲ" ಎಂದರೆ ಎತ್ತರದ ತೆರೆ. "ಶಕ್ತಮಾಯ ಕಾಟ್ಟ್", ಜೋರು ಗಾಳಿ. "ಇಡಿಮಿನ್ನಲ್", ಗುಡುಗು ಸಿಡಿಲು. "ಕಡಲಾಕ್ರಮಣಂ", ಕಡಲು ದಡದ ಮೇಲೇರಿ ಬರುವುದು. "ಮತ್ಸ್ಯಬಂಧನಂ" ಎಂದರೆ ಮೀನುಗಾರಿಕೆ, ಅದಕ್ಕೆ ಹೋಗಬಾರದು ಎಂದಿದ್ದರೆ ನಾವೂ ಹೋಗಬಾರದು. ಮನೆಮಂದಿಯ ಹೊಟ್ಟೆಪಾಡಿಗೆ ಹೋಗುವವರೇ ದೋಣಿ ಎಳೆದಿಟ್ಟ ದಿನ ನಮ್ಮ ಆಟಕ್ಕೆ ಕಡಲು ತೆರೆದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು "ಕಳ್ಳಕ್ಕಡಲ್". ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಇಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಆಕಾಶ ನಿಚ್ಚಳ. ಆದರೆ ಸಾವಿರಾರು ಕಿಲೋಮೀಟರ್ ಆಚೆಯಿಂದ ಹೊರಟ ದೀರ್ಘ ಅವಧಿಯ ತೆರೆ ಉಬ್ಬರದ ಹೊತ್ತಿಗೆ ಬಂದು ತಲುಪಿದರೆ ನೀರು ಅಂಗಳಕ್ಕೆ ನುಗ್ಗುತ್ತದೆ. ಕೆಲವೊಮ್ಮೆ ಅದಕ್ಕೂ ಮುಂಚೆ ಕಡಲು ಹಿಂದೆ ಸರಿಯುತ್ತದೆ. ಮೀನುಗಾರರ ಬಾಯಿಮಾತಾಗಿದ್ದ ಈ ಹೆಸರನ್ನು 2012ರಲ್ಲಿ ಯುನೆಸ್ಕೊ ವಿಜ್ಞಾನದ ಬಳಕೆಗೂ ಒಪ್ಪಿಕೊಂಡಿತು. 2024ರ ಮಾರ್ಚ್ 31ರಂದು ಕೇರಳದ ತೆಂಕಣ ಜಿಲ್ಲೆಗಳ ದಡದ ಮನೆಗಳಿಗೆ ನೀರು ನುಗ್ಗಿದ್ದು ಹೀಗೆಯೇ. ಅದರ ಮೂಲ ಅದಕ್ಕೂ ಸುಮಾರು ಒಂದು ವಾರ ಮುಂಚೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬೀಸಿದ ಬಿರುಗಾಳಿ. ಮಾರ್ಚ್‌ನಿಂದ ಮೇವರೆಗೆ, ನಮಗೆ ಸರ್ಫಿಂಗಿಗೆ ಚಂದ ಎನಿಸುವ ತಿಂಗಳುಗಳಲ್ಲೇ, ಇದರ ಭಯ ಹೆಚ್ಚು. ಇನ್‌ಕಾಯಿಸ್ ಈ ಎಚ್ಚರಿಕೆ ಕೊಟ್ಟರೆ ಬೋರ್ಡನ್ನೂ ದಡದಲ್ಲಿ ಬಿಡಬೇಡಿ, ಮನೆಗೆ ತನ್ನಿ.

ಅರಬ್ಬೀ ಸಮುದ್ರದ ಚಂಡಮಾರುತ ನಮಗೆ ತಾಗದೆ ಹೋದರೂ ಅದೇ ಮಾತು. 2021ರ ಮೇ ಮಧ್ಯದ ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ. ನಮ್ಮ ಎದುರಿನ ಕಡಲಲ್ಲಿ ಸುಮ್ಮನೆ ಹಾದುಹೋದದ್ದಕ್ಕೇ ಇಲ್ಲಿ ದಡ ಕೊಚ್ಚಿಹೋಯಿತು.

ದಡದಲ್ಲಿ ಇಪ್ಪತ್ತು ನಿಮಿಷ

ಮುನ್ಸೂಚನೆ ಏನೇ ಇರಲಿ, ದಡಕ್ಕೆ ಹೋಗಿ ಗಡಿಯಾರ ನೋಡಿ ಇಪ್ಪತ್ತು ನಿಮಿಷ ನಿಲ್ಲಿ. ಮೊದಲು ತೆಂಗಿನ ಗರಿ ನೋಡಿ, ಕಡಲ ಕಡೆಗೆ ವಾಲಿದ್ದರೆ ಗಾಳಿ ನಮ್ಮದು. ಆಮೇಲೆ ತೆರೆ ಒಡೆಯುವ ಜಾಗದಲ್ಲಿ ಒಂದರಿಂದ ಹನ್ನೊಂದನೆಯ ತೆರೆಯವರೆಗೆ ಹೊತ್ತು ಎಣಿಸಿ, ಹತ್ತರಿಂದ ಭಾಗಿಸಿ. ಪರದೆ ಹೇಳಿದ ಅವಧಿ ಸರಿಯೋ ಅಲ್ಲವೋ ಆಗ ತಿಳಿಯುತ್ತದೆ. ದೊಡ್ಡ ತೆರೆಗಳ ಗುಂಪು ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ, ಗುಂಪಿನಲ್ಲಿ ಎಷ್ಟು ತೆರೆ, ಇದನ್ನು ಕನಿಷ್ಠ ಎರಡು ಸಲ ನೋಡದೆ ಇಳಿಯಬೇಡಿ. ಒಂದು ಗುಂಪೂ ಬರಲಿಲ್ಲವೆಂದರೆ ಇನ್ನೂ ಹತ್ತು ನಿಮಿಷ ನಿಲ್ಲಿ.

ನಂತರ ಹೊರಸೆಳೆತ ಹುಡುಕಿ. ಎರಡೂ ಕಡೆ ತೆರೆ ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಗಾಢವಾಗಿ ಕಾಣುತ್ತದಲ್ಲ, ಮಕ್ಕಳನ್ನು ಕರೆದುಕೊಂಡು ಬಂದವರು ಇಳಿಯಲು ಆರಿಸುವುದು ಅದೇ ಜಾಗ. ಒಡೆದ ತೆರೆಯ ನೀರೆಲ್ಲ ಕಡಲಿಗೆ ಮರಳುವ ದಾರಿ ಅದು. ನೊರೆಯೋ ಒಣ ಗರಿಯೋ ಅಲ್ಲಿ ಹೊರಕ್ಕೆ ತೇಲಿಹೋಗುವುದು ಕಂಡರೆ ಖಾತ್ರಿ. ಅದರಲ್ಲಿ ಸಿಕ್ಕಿದರೆ ದಡದ ಕಡೆಗೆ ಈಜಬೇಡಿ, ಸೋತುಹೋಗುತ್ತೀರಿ. ಬೋರ್ಡ್ ಬಿಡಬೇಡಿ. ದಡಕ್ಕೆ ಸಮಾನಾಂತರವಾಗಿ, ತೆರೆ ಒಡೆಯುವ ಕಡೆಗೆ ಅಡ್ಡ ಹೋಗಿ, ಅಲ್ಲಿಂದ ತೆರೆಯ ಜೊತೆ ಒಳಗೆ ಬನ್ನಿ. ಕೈ ಸೋತರೆ ಸುಮ್ಮನೆ ತೇಲಿ, ಒಂದು ಕೈ ಎತ್ತಿ ಬೀಸಿ. ಸೆಳೆತ ನಿಮ್ಮನ್ನು ಹೊರಕ್ಕೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ.

ಅಳಿವೆಗಳ ಹತ್ತಿರ ಈ ಎಲ್ಲ ಲೆಕ್ಕ ಕೆಡುತ್ತದೆ. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೀಗೆ ನಮ್ಮ ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳು. ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲ ನೀರೂ ಸೇರಿ ಹೊರಕ್ಕೆ ಓಡುತ್ತವೆ, ಹೊಯ್ಗೆಯ ದಿಬ್ಬ ವಾರದಿಂದ ವಾರಕ್ಕೆ ಜಾಗ ಬದಲಿಸುತ್ತದೆ. ಬಂದರಿನ ಕಲ್ಲಿನ ದಂಡೆಯ ಪಕ್ಕದಲ್ಲಂತೂ ಸೆಳೆತ ಯಾವಾಗಲೂ ಉಂಟು. ಮಳೆ ಬಂದ ಮೇಲೆ ಕೆಂಪು ನೀರು ಇಳಿಯುವವರೆಗೆ ಎರಡು ಮೂರು ದಿನ ಬಿಡಿ. ಅದರಲ್ಲಿ ಮರದ ಕೊರಡೂ ಬರುತ್ತದೆ, ಊರಿನ ಕೊಳೆಯೂ ಬರುತ್ತದೆ.

ಇಳಿಯುವಾಗ ದಡದಲ್ಲಿ ಎರಡು ಗುರುತು ಹಿಡಿಯಿರಿ. ಒಂದು ಹತ್ತಿರದ ತೆಂಗು, ಅದರ ಹಿಂದೆ ದೂರದಲ್ಲೊಂದು ಮನೆಯೋ ಮಸೀದಿಯ ಮಿನಾರವೋ. ನೀರಿನಿಂದ ನೋಡಿದಾಗ ಎರಡೂ ಒಂದೇ ಗೆರೆಯಲ್ಲಿದ್ದರೆ ನೀವು ಇದ್ದಲ್ಲೇ ಇದ್ದೀರಿ. ತಪ್ಪಿದ್ದರೆ ತೇಲಿಹೋಗಿದ್ದೀರಿ. ಒಬ್ಬರೇ ಇಳಿಯಬೇಡಿ. ದಡದಲ್ಲಿ ಉಳಿದವರ ಫೋನಿನಲ್ಲಿ 112 ಮತ್ತು ತಟರಕ್ಷಣಾ ಪಡೆಯ 1554 ಇರಲಿ.

ಯಾವ ತಿಂಗಳು

ಜೂನಿನಿಂದ ಸೆಪ್ಟೆಂಬರ್ ಮಧ್ಯದವರೆಗೆ ತೆರೆದ ದಡದಲ್ಲಿ ಬೇಡವೇ ಬೇಡ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಅದು ಮೀನಿನ ಸಂತತಿಗಾಗಿ ಇದ್ದರೂ ಆ ದಿನಗಳ ಕಡಲು ನೋಡಿದರೆ ಬೇರೆ ಕಾರಣ ಬೇಕಾಗುವುದಿಲ್ಲ. ಮಳೆಗಾಲ ಹೊಯ್ಗೆಯನ್ನು ದಡದಿಂದ ಕಿತ್ತು ಒಳಗೆ ದಿಬ್ಬ ಮಾಡಿಟ್ಟಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರಿನವರೆಗೆ ಆ ದಿಬ್ಬ ಇನ್ನೂ ಕರಗಿರುವುದಿಲ್ಲ, ತೆರೆಯೂ ಹದಕ್ಕೆ ಇಳಿದಿರುತ್ತದೆ. ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಬೆಳಗುಗಳು ಅವು. ಡಿಸೆಂಬರ್, ಜನವರಿ ಸಪ್ಪೆ. ಹೊಸಬರು ನಿಲ್ಲುವುದನ್ನು ಕಲಿಯಲು ಮಾತ್ರ ಸಾಕಾಗುತ್ತದೆ. ಫೆಬ್ರವರಿಯಿಂದ ಬೆಳಗಿನ ಹೊತ್ತು ಮತ್ತೆ ಚಂದ, ಅವಧಿಯ ಮೇಲೆ ಕಣ್ಣಿಟ್ಟುಕೊಂಡು.

ಮನೆಗೆ ಬಂದ ಮೇಲೆ

ಉಪ್ಪು ತೊಳೆದು, ಬೋರ್ಡಿನ ಹಗ್ಗದಲ್ಲಿ ಬಿರುಕು ಉಂಟೇ ನೋಡಿ. ನಂತರ ಒಂದು ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ: ಪರದೆ ಏನು ಹೇಳಿತ್ತು, ದಡದಲ್ಲಿ ಏನು ಕಂಡಿತು. ಒಂದು ವರ್ಷ ಬರೆದರೆ ನಿಮ್ಮ ದಡದ ಮಟ್ಟಿಗೆ ಯಾವ ಆಪಿಗಿಂತಲೂ ಅದು ಹೆಚ್ಚು ನಂಬಿಕೆಯದ್ದಾಗುತ್ತದೆ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

"ಕಣ್ವತೀರ್ಥ. ಅಷ್ಟಮಿ. ಎತ್ತರ 0.8, ಅವಧಿ 11, ದಿಕ್ಕು 205. ಗಾಳಿ ಪೂರ್ವ, 4 ನಾಟು. ಎಣಿಸಿದ್ದು 11. ಹನ್ನೆರಡು ನಿಮಿಷಕ್ಕೊಮ್ಮೆ ಗುಂಪು, ನಾಲ್ಕು ತೆರೆ, ಎದೆಯಷ್ಟು. ಸೆಳೆತ ದೋಣಿಗಳ ಬಡಗು ಬದಿಯಲ್ಲಿ. 6.40ಕ್ಕೆ ಇಳಿದದ್ದು, 8.30ಕ್ಕೆ ಹತ್ತಿದ್ದು. ಬಡಗಿಗೆ ಮೂವತ್ತು ಹೆಜ್ಜೆ ತೇಲಿದ್ದೆವು. ಹುಡುಗರಿಬ್ಬರೂ ಮೊದಲ ಸಲ ಹಸಿರು (ಇನ್ನೂ ಒಡೆಯದ) ತೆರೆಯ ಮೇಲೆ ನಿಂತರು."